ಒಳಗಿನ ಅರಿವಿಗೆ ಒರೆಗಲ್ಲು: ಬಸವಣ್ಣನವರ ಬದುಕು

ಬಸವೇಶ್ವರನಗರದಲ್ಲಿ ವಾಸಿಸುವ ನಾವು ಅಣ್ಣನವರ ಹೆಸರನ್ನು ದಿನಕ್ಕೆ ಹಲವು ಬಾರಿ ಉಚ್ಚರಿಸುತ್ತೇವೆ. ಬಸ್ಸಿನ ಫಲಕದಲ್ಲಿ ಅದನ್ನು ಓದುತ್ತೇವೆ, ಅಂಚೆಯ ವಿಳಾಸದಲ್ಲಿ ಬರೆಯುತ್ತೇವೆ. ಇದೇ ಬಸವೇಶ್ವರನಗರದಲ್ಲಿ, ನೆರೆಯ ರಾಜಾಜಿನಗರ, ವಿಜಯನಗರಗಳಲ್ಲಿ, ದೂರದ ಕೆಂಗೇರಿಯಲ್ಲಿಯೂ ಮನೆಯನ್ನು ಬಾಡಿಗೆಗೆ ಕೊಡುವಾಗ, ಮಕ್ಕಳಿಗೆ ಸಂಬಂಧ ನೋಡುವಾಗ ನಾವು ಆಡುವ ಇನ್ನೊಂದು ಮಾತಿದೆ: ಏಕೋ ಮನಸ್ಸು ಒಪ್ಪಲಿಲ್ಲ. ಕಾರಣ ಕೇಳಿದರೆ ಹೇಳಲಾಗದು. ಒಳಗಿನಿಂದ ಹಾಗೆ ತೋರಿತು ಎನ್ನುತ್ತೇವೆ. ಹಾಗೆ ತೋರಿದ್ದು ಅರಿವೋ, ಅಭ್ಯಾಸವೋ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅಣ್ಣನವರ ಬದುಕನ್ನು ಮತ್ತೊಮ್ಮೆ ಸ್ಮರಿಸುವುದು ಉಚಿತವೆನಿಸುತ್ತದೆ.

ಬಸವಣ್ಣನವರು 1131ರ ಸುಮಾರಿನಲ್ಲಿ ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ ಮಾದರಸ ಮತ್ತು ಮಾದಲಾಂಬಿಕೆಯರ ಮಗನಾಗಿ ಅವತರಿಸಿದರು. ಹುಟ್ಟಿದ್ದು ವೇದಾಧ್ಯಯನ, ಯಜ್ಞಯಾಗಾದಿಗಳು ನಡೆಯುತ್ತಿದ್ದ ಅಗ್ರಹಾರದ ಮನೆತನದಲ್ಲಿ. ಅವರು ಬೆಳೆದ ಮೇಲೆ ಜನಿವಾರವನ್ನು ತೊರೆದರೆಂದು ಹರಿಹರನ ರಗಳೆ ಹೇಳುತ್ತದೆ. ಎಂಟನೆಯ ವಯಸ್ಸಿನಲ್ಲಿಯೇ ಉಪನಯನವನ್ನು ನಿರಾಕರಿಸಿದರೆಂಬುದು ಜನಜನಿತವಾದ ಇನ್ನೊಂದು ಪರಂಪರೆ. ಅಕ್ಕ ನಾಗಮ್ಮನಿಗೆ ಇಲ್ಲದ ಸಂಸ್ಕಾರ ತನಗೆ ಮಾತ್ರ ಏಕೆ ಎಂಬುದೇ ಆ ಬಾಲಕನ ಸಂದೇಹವಾಗಿತ್ತು. ಶಾಸ್ತ್ರವನ್ನು ಖಂಡಿಸುವಷ್ಟು ಪಾಂಡಿತ್ಯ ಆ ವಯಸ್ಸಿಗೆ ಇರಲಾರದು. ಜೊತೆಯಲ್ಲಿ ಆಡಿದ, ಜೊತೆಯಲ್ಲಿ ಉಂಡ ಅಕ್ಕ ತನಗಿಂತ ಕಡಿಮೆಯವಳಲ್ಲ ಎಂಬುದು ತರ್ಕಕ್ಕಿಂತ ಮೊದಲೇ ಕಂಡ ಸತ್ಯ. ಕಾರಣಗಳು ಅನಂತರ ಬಂದವು.

ಆದರೆ ಹಾಗೆ ಕಂಡದ್ದನ್ನೇ ಅವರು ಅಂತಿಮವೆಂದು ಭಾವಿಸಲಿಲ್ಲ ಎಂಬುದನ್ನು ಗಮನಿಸಬೇಕು. ಮನೆ ತೊರೆದು ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮವನ್ನು ಸೇರಿದರು. ಅಲ್ಲಿ ಗುರುವಿನ ಸನ್ನಿಧಿಯಲ್ಲಿ ಅಧ್ಯಯನ, ಪೂಜೆ, ಧ್ಯಾನಗಳಲ್ಲಿ ವರ್ಷಗಳನ್ನು ಕಳೆದರು. ಎಳೆಯ ವಯಸ್ಸಿನಲ್ಲಿ ಮಿಂಚಿದ ಅರಿವು ಅಲ್ಲಿ ಸಾಧನೆಯ ಆಸರೆಯನ್ನು ಪಡೆಯಿತು. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿಯನ್ನು ನಿಲ್ಲಿಸುವ ಶರಣರ ಪೂಜಾವಿಧಾನದ ಅರ್ಥವೂ ಇದೇ ಎಂದು ನಾವು ತಿಳಿಯುತ್ತೇವೆ. ಕಲಕಿದ ನೀರಿನಲ್ಲಿ ತಳ ಕಾಣದು. ಚಂಚಲವಾದ ಮನಸ್ಸಿಗೆ ತೋರಿದ್ದೆಲ್ಲ ಅಂತರಂಗದ ವಾಣಿಯಾಗದು.

ಮುಂದೆ ಕಲಚುರಿ ಬಿಜ್ಜಳನ ಆಡಳಿತದಲ್ಲಿ ಕರಣಿಕರಾಗಿ ಸೇರಿ, ಭಂಡಾರಿಯ ಪದವಿಗೆ ಏರಿ, ಅಣ್ಣನವರು ಕಲ್ಯಾಣದಲ್ಲಿ ನೆಲೆಸಿದರು. ಗಂಗಾಂಬಿಕೆ, ನೀಲಾಂಬಿಕೆಯರು ಅವರ ದಾಸೋಹಕ್ಕೆ ಹೆಗಲು ಕೊಟ್ಟರು. ಕಳ್ಳರು ಮಹಾಮನೆಯ ಆಕಳುಗಳನ್ನು ಹೊಡೆದುಕೊಂಡು ಹೋದ ಪ್ರಸಂಗವನ್ನು ಪರಂಪರೆ ಈ ಕಾಲದ್ದೆಂದು ಹೇಳುತ್ತ ಬಂದಿದೆ. ಸುದ್ದಿ ತಿಳಿದೊಡನೆ ಅಣ್ಣನವರಿಗೆ ತಾಯಿಯಿಂದ ಅಗಲಿದ ಕರುಗಳ ಹಸಿವು ನೆನಪಾಯಿತು. ಕರುಗಳನ್ನೂ ಕಳ್ಳರಲ್ಲಿಗೇ ಕಳುಹಿಸಿಕೊಟ್ಟರು. ನಷ್ಟದ ಲೆಕ್ಕ ಮಾಡುವ ಮೊದಲೇ ಕರುಣೆಯು ತೀರ್ಮಾನ ನೀಡಿಯಾಗಿತ್ತು. ರಾಜ್ಯದ ಬೊಕ್ಕಸದ ಲೆಕ್ಕವನ್ನು ನೋಡುತ್ತಿದ್ದವರು ಅವರೇ ಎಂಬುದನ್ನು ನೆನೆದಾಗ ಈ ಪ್ರಸಂಗದ ತೂಕ ಹೆಚ್ಚುತ್ತದೆ.

ಅದೇ ಕಲ್ಯಾಣದಲ್ಲಿ ಇನ್ನೊಂದು ಬಗೆಯ ಅಂತರಂಗದ ವಾಣಿಯೂ ಇತ್ತು. ಅಸ್ಪೃಶ್ಯನೆನಿಸಿದ ಶರಣ ನಾಗಿದೇವನ ಮನೆಗೆ ಅಣ್ಣನವರು ಹೋಗಿ ಪ್ರಸಾದ ಸ್ವೀಕರಿಸಿದರೆಂದು ಕೆಲವರು ಬಿಜ್ಜಳನಲ್ಲಿ ದೂರಿದರು. ಮಂತ್ರಿಯೇ ಮೈಲಿಗೆಯಾಗಿ ಅರಮನೆಗೆ ಬರುತ್ತಿದ್ದಾನೆ ಎಂಬುದು ಅವರ ಆಕ್ಷೇಪ. ದೂರಿದವರೆಲ್ಲರೂ ಕಪಟಿಗಳೆಂದು ಭಾವಿಸಬೇಕಾಗಿಲ್ಲ. ಅವರಿಗೆ ನಿಜವಾಗಿಯೂ ಹೇಸಿಕೆಯೆನಿಸಿರಬಹುದು. ಆ ಹೇಸಿಕೆಯೂ ಕಾರಣವನ್ನು ಕೇಳದೆಯೇ ಏಳುತ್ತದೆ, ಅದೂ ಒಳಗಿನಿಂದಲೇ ಬಂದಂತೆ ತೋರುತ್ತದೆ. ಅಣ್ಣನವರ ಕರುಣೆಗೂ ಆ ಜನರ ಮೈಲಿಗೆಯ ಭಾವಕ್ಕೂ ಮೇಲ್ನೋಟದ ಲಕ್ಷಣ ಒಂದೇ. ಹಾಗಿರುವಾಗ ಯಾವುದನ್ನು ನಂಬಬೇಕು?

ಇದಕ್ಕೆ ಅಣ್ಣನವರು ಕೊಟ್ಟ ಉತ್ತರವೇ ಅನುಭವ ಮಂಟಪವೆಂದು ನಾವು ನಂಬುತ್ತೇವೆ. ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ ಮೊದಲಾದ ಶರಣರು ಅಲ್ಲಿ ಸಮಾನರಾಗಿ ಕುಳಿತರು. ಒಬ್ಬರ ಒಳಗೆ ಮೂಡಿದ ಅರಿವನ್ನು ಹಲವರ ಬದುಕಿನ ಒರೆಗಲ್ಲಿಗೆ ತಿಕ್ಕುವ ಸ್ಥಳ ಅದು. ಎಲ್ಲವನ್ನೂ ತೊರೆದು ಬಂದ ಅಕ್ಕಮಹಾದೇವಿಯವರ ನಿಶ್ಚಯವನ್ನು ಸಹ ಅಲ್ಲಮಪ್ರಭುಗಳು ಪ್ರಶ್ನಿಸದೆ ಒಪ್ಪಲಿಲ್ಲವೆಂದು ಶೂನ್ಯಸಂಪಾದನೆ ನಿರೂಪಿಸುತ್ತದೆ. ಅಕ್ಕ ಉತ್ತರಿಸಿದರು, ಅವರ ಅರಿವು ಪ್ರಶ್ನೆಗಳಿಂದ ಇನ್ನಷ್ಟು ಬೆಳಗಿತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರಿಗೆ ನೋಡಿದೊಡನೆ ತಪ್ಪು ಕಂಡಿತು. ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ತಿಳಿಸಿದರು. ಪ್ರತಿದಿನದ ಕಾಯಕದಲ್ಲಿ ಶುದ್ಧವಾದ ಕಣ್ಣಿಗೆ ಮಾತ್ರ ಅಷ್ಟು ಬೇಗ ತಪ್ಪು ಕಾಣುತ್ತದೆ.

ಕೊನೆಯ ಪರೀಕ್ಷೆ ಬಂದದ್ದು ಹರಳಯ್ಯನವರ ಮಗ ಮತ್ತು ಮಧುವರಸರ ಮಗಳ ವಿವಾಹದಲ್ಲಿ. ಸಮಗಾರ ಮನೆತನದ ವರ, ಬ್ರಾಹ್ಮಣ ಮನೆತನದ ವಧು. ಇಬ್ಬರ ತಂದೆಯರೂ ಲಿಂಗದೀಕ್ಷೆ ಪಡೆದ ಶರಣರಾಗಿದ್ದುದರಿಂದ ಶರಣರ ದೃಷ್ಟಿಯಲ್ಲಿ ಅಲ್ಲಿ ಕುಲಭೇದವೇ ಉಳಿದಿರಲಿಲ್ಲ. ಸಂಪ್ರದಾಯಸ್ಥರ ಮನಸ್ಸು ಒಪ್ಪಲಿಲ್ಲ. ಬಿಜ್ಜಳನ ಆಜ್ಞೆಯಿಂದ ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಅಣ್ಣನವರು ಅಧಿಕಾರವನ್ನು ತ್ಯಜಿಸಿ ಕಲ್ಯಾಣದಿಂದ ಹೊರಟರು. ಬಿಜ್ಜಳನ ಹತ್ಯೆಯಾಯಿತು, ಶರಣರು ಚದುರಿದರು, ಚೆನ್ನಬಸವಣ್ಣನವರೊಡನೆ ಹಲವರು ಉಳವಿಯ ಕಡೆಗೆ ನಡೆದರು. 1167ರ ಸುಮಾರಿನಲ್ಲಿ ಅಣ್ಣನವರು ತಮ್ಮ ಸಾಧನೆಯ ನೆಲೆಯಾದ ಕೂಡಲಸಂಗಮದಲ್ಲಿಯೇ ಲಿಂಗೈಕ್ಯರಾದರು.

ಎರಡು ಅಂತರಂಗದ ವಾಣಿಗಳ ಅಂತರ ಆ ದಿನಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೈಲಿಗೆಯ ಭಾವವು ತನ್ನ ಬೆಲೆಯನ್ನು ಹರಳಯ್ಯ, ಮಧುವರಸರಿಂದ ವಸೂಲಿ ಮಾಡಿತು. ಅಣ್ಣನವರ ಅರಿವು ಅವರ ಪದವಿಯನ್ನು, ನೆಲೆಯನ್ನು ಅವರಿಂದಲೇ ಕೇಳಿತು, ಅವರು ಕೊಟ್ಟರು. ಒಂದು ಬಾಗಿಲನ್ನು ಮುಚ್ಚುತ್ತದೆ, ಮತ್ತೊಂದು ತೆರೆಯುತ್ತದೆ. ಒಂದು ಸಭೆಯಲ್ಲಿ ಕಾರಣ ಹೇಳಲು ಹಿಂಜರಿಯುತ್ತದೆ, ಮತ್ತೊಂದು ಅನುಭವ ಮಂಟಪದ ಪ್ರಶ್ನೆಗಳನ್ನು ತಾನಾಗಿಯೇ ಆಹ್ವಾನಿಸುತ್ತದೆ.

ಅಣ್ಣನವರ ಹೆಸರನ್ನು ಹೊತ್ತ ನಗರದಲ್ಲಿ ಬಾಡಿಗೆಗೆ ಮನೆ ಕೇಳಿಕೊಂಡು ಬಂದವರ ಕುಲವನ್ನು ವಿಚಾರಿಸಿ, ಅನಂತರ ಮನಸ್ಸು ಒಪ್ಪಲಿಲ್ಲವೆಂದು ಹೇಳಿ ಕಳುಹಿಸುವಾಗ ನಾವು ಕಲ್ಯಾಣದ ಯಾವ ಬೀದಿಯಲ್ಲಿ ನಿಂತಿರುತ್ತೇವೆ? ಮನಸ್ಸಿನ ಮಾತನ್ನು ತಳ್ಳಿಹಾಕಬೇಕೆಂದು ನಾವು ಹೇಳುತ್ತಿಲ್ಲ, ಅದಿಲ್ಲದೆ ಧರ್ಮವಿಲ್ಲ. ಆದರೆ ಮುಂಜಾನೆಯ ಪೂಜೆಯಲ್ಲಿ ಅದನ್ನು ತಿಳಿಯಾಗಿಸಿ, ಕಾಯಕದಲ್ಲಿ ಸವೆಸಿ, ಬಲ್ಲವರ ಮುಂದೆ ಬಿಚ್ಚಿಟ್ಟು ನೋಡೋಣ. ಆಮೇಲೂ ಉಳಿಯುವುದೇ ಅರಿವು.