ಬೆಂಜಮಿನ್ ರಾಬಿನ್ಸ್: ಗುಂಡಿನ ದಾರಿ ಹುಡುಕಿದವರು



ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಾವು ಬೀದರ್ ಕೋಟೆಗೆ ಹೋದರೆ ಬುರುಜಿನ ಮೇಲಿನ ತೋಪುಗಳನ್ನು ನೋಡದೆ ಬರುವುದಿಲ್ಲ. ಅವುಗಳ ಒಳಮೈ ನುಣುಪು. ಇಂದಿನ ಪಿಸ್ತೂಲಿನ ನಳಿಗೆಯೊಳಗೆ ಮಾತ್ರ ಸುರುಳಿಯಾಗಿ ಸುತ್ತುವ ಗೀರುಗಳಿರುತ್ತವೆ. ಆ ಗೀರುಗಳಿಂದ ಗುರಿ ಏಕೆ ನೇರವಾಗುತ್ತದೆ ಎಂದು ಪ್ರಯೋಗ ಮಾಡಿ ತಿಳಿಸಿದವರು ಬೆಂಜಮಿನ್ ರಾಬಿನ್ಸ್. ಇಂಗ್ಲೆಂಡಿನವರಾದರೂ ನಮ್ಮ ದಕ್ಷಿಣದಲ್ಲೇ ತೀರಿಕೊಂಡವರು. ಈ ಸಲದ ಪರಿಚಯಕ್ಕೆ ಅವರನ್ನೇ ಆರಿಸಿಕೊಂಡಿದ್ದೇವೆ.

1707ರಲ್ಲಿ ಬಾತ್ ಪಟ್ಟಣದ ಸಾಧಾರಣ ಕ್ವೇಕರ್ ಕುಟುಂಬದಲ್ಲಿ ಹುಟ್ಟಿದ ಅವರು ಲಂಡನ್ನಿನಲ್ಲಿ ಗಣಿತದ ಪಾಠ ಹೇಳಿ ಜೀವನ ಸಾಗಿಸಿದರು. 1727ರಲ್ಲೇ ರಾಯಲ್ ಸೊಸೈಟಿಯ ಸದಸ್ಯರಾದರು. ವುಲಿಚ್‌ನ ಹೊಸ ಸೈನಿಕ ವಿದ್ಯಾಲಯದಲ್ಲಿ ಅಧ್ಯಾಪಕರಾಗುವ ಆಸೆ ಕೈಗೂಡಲಿಲ್ಲ. 1742ರಲ್ಲಿ ಫಿರಂಗಿಶಾಸ್ತ್ರದ ಪುಸ್ತಕ ಹೊರಬಂತು. ತೂಗುಹಾಕಿದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ತೂಗಾಡಿತೆಂದು ಅಳೆದು, ಗುಂಡಿನ ವೇಗ ಸೆಕೆಂಡಿಗೆ 1,600 ಅಡಿಗೂ ಹೆಚ್ಚೆಂದು ಲೆಕ್ಕ ಕೊಟ್ಟರು. 1746ರಲ್ಲಿ ಕಾಪ್ಲೆ ಪದಕ ಬಂತು.

ಅವರ ಇನ್ನೊಂದು ಪ್ರಯೋಗ ನಮಗೆ ಬಹಳ ಹಿಡಿಸಿತು. ಕೋವಿಯ ತುದಿಯನ್ನು ಎಡಕ್ಕೆ ಬಾಗಿಸಿ, ಮುಂದೆ ತೆಳುಕಾಗದದ ಪರದೆಗಳನ್ನು ಸಾಲಾಗಿ ನಿಲ್ಲಿಸಿ ಹೊಡೆದರು. ಗುಂಡು ಮೊದಲು ಎಡಕ್ಕೆ ಹೋಗಿ, ಆಮೇಲೆ ಬಲಕ್ಕೆ ಬಾಗಿತು! ನಳಿಗೆಯ ಬಲಗೋಡೆಗೆ ಉಜ್ಜಿ ಸುತ್ತತೊಡಗಿದ ಗುಂಡನ್ನು ಗಾಳಿ ಪಕ್ಕಕ್ಕೆ ತಳ್ಳಿತ್ತು. ಸ್ಪಿನ್ ಬೌಲರನ ಚೆಂಡು ಗಾಳಿಯಲ್ಲಿ ವಾಲುವುದೂ ಹೀಗೆಯೇ. ನುಣುಪು ನಳಿಗೆಯಲ್ಲಿ ಗುಂಡು ಯಾವ ಕಡೆಗೆ ಸುತ್ತುತ್ತದೋ ಹೇಳಲಾಗದು. ಸುರುಳಿ ಗೀರು ಅದನ್ನು ಹೋಗುವ ದಿಕ್ಕಿನ ಸುತ್ತಲೇ ತಿರುಗಿಸುತ್ತದೆ. ತಿರುಗುವ ಬುಗುರಿಯಂತೆ ಗುಂಡು ನೆಟ್ಟಗಿರುತ್ತದೆ. ಪುಸ್ತಕವನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದ ಮಹಾಗಣಿತಜ್ಞ ಆಯ್ಲರ್ ಮಾತ್ರ ಒಪ್ಪಲಿಲ್ಲ, ಗುಂಡಿನ ಅಂಕುಡೊಂಕೇ ಕಾರಣ ಎಂದರು. ರಾಬಿನ್ಸ್ ಹೇಳಿದ್ದೇ ಸರಿಯಾಗಿತ್ತು.

ಗೀರು ಎಷ್ಟು ಬಿಗಿಯಾಗಿ ಸುತ್ತಬೇಕೆಂಬ ಲೆಕ್ಕವನ್ನು 1879ರಲ್ಲಿ ಗ್ರೀನ್‌ಹಿಲ್ ಕೊಟ್ಟರು. ಉದ್ದ ಗುಂಡಿಗೆ ಬಿಗಿ ಸುತ್ತು ಬೇಕು, ಮೋಟು ಗುಂಡಿಗೆ ಸಡಿಲ ಸುತ್ತು ಸಾಕು. 9 ಮಿ.ಮೀ. ಪಿಸ್ತೂಲಿನ 15 ಮಿ.ಮೀ. ಉದ್ದದ ಗುಂಡಿಗೆ ಆ ಲೆಕ್ಕದಂತೆ ಸುಮಾರು 800 ಮಿ.ಮೀ.ಗೆ ಒಂದು ಸುತ್ತು ಸಾಕು. ಕೊಡುವುದು ಸಾಮಾನ್ಯವಾಗಿ 250ಕ್ಕೆ ಒಂದು. ಸೆಕೆಂಡಿಗೆ 350 ಮೀಟರ್ ವೇಗವೆಂದರೆ 1,400 ಸುತ್ತು! ಹಾಗಾಗಿ ಪಿಸ್ತೂಲಿನ ಗುರಿ ತಪ್ಪಿದರೆ ಸುತ್ತು ಸಾಲದೆಂದು ದೂರುವಂತಿಲ್ಲ. ಗುಂಡಿನ ತೂಕ ಒಂದು ಪಕ್ಕಕ್ಕೆ ವಾಲಿದ್ದರೆ, ಹೆಚ್ಚು ಸುತ್ತಿದಷ್ಟೂ ಆ ದೋಷ ದೊಡ್ಡದಾಗುತ್ತದೆ.

ಗೀರಿನ ಕೋವಿಯನ್ನು ಮೊದಲು ಅರಿತು ಬಳಸುವ ರಾಷ್ಟ್ರವೇ ಮೇಲುಗೈ ಪಡೆಯುತ್ತದೆಂದು ರಾಬಿನ್ಸ್ 1747ರಲ್ಲೇ ತಿಳಿಸಿದ್ದರು. ಕೇಳಿದವರು ಕಡಿಮೆ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಂಪನಿ ಸಿಪಾಯಿಗಳ ಕೈಯಲ್ಲೂ ಹೆಚ್ಚಾಗಿ ನುಣುಪು ನಳಿಗೆಯ ಕೋವಿಯೇ ಇತ್ತು.

1749ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವರನ್ನು ಮುಖ್ಯ ಇಂಜಿನಿಯರಾಗಿ ನೇಮಿಸಿತು. ಮರುವರ್ಷ ಇಲ್ಲಿಗೆ ಬಂದು ಕೋಟೆಗಳ ದುರಸ್ತಿಗೆ ಯೋಜನೆ ಹಾಕುತ್ತಿದ್ದಾಗಲೇ ಜ್ವರ ಹಿಡಿಯಿತು. 1751ರ ಜುಲೈ 29ರಂದು ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು. ಕಂಪನಿಗೆ ವರದಿ ಬರೆಯುತ್ತಿದ್ದ ಲೇಖನಿ ಆಗಲೂ ಕೈಯಲ್ಲಿತ್ತಂತೆ. ಗೆಳೆಯ ಜೇಮ್ಸ್ ವಿಲ್ಸನ್ 1761ರಲ್ಲಿ ಅವರ ಬರಹಗಳನ್ನು ಒಟ್ಟುಮಾಡಿ ಪ್ರಕಟಿಸಿದರು.

— ಕಾರ್ಯದರ್ಶಿ