ಕೈಗೆ ಒಗ್ಗಿದ ಕೋವಿ: ಕೆನೆತ್ ಆಂಡರ್ಸನ್

ಕೆನೆತ್ ಆಂಡರ್ಸನ್ ಯಾರು ಅಂತ ಕನ್ನಡ ಓದುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ನಾಲ್ಕು ಭಾಗಗಳಲ್ಲಿ ಒಂದನ್ನಾದರೂ ಓದದೆ ಬೆಳೆದವರು ನಮ್ಮಲ್ಲಿ ಕಡಿಮೆ. ಬೆಳ್ಳಂದೂರಿನ ನರಭಕ್ಷಕ, ಜಾಲಹಳ್ಳಿಯ ಕುರ್ಕ, ಮಾಗಡಿಯ ಚಿರತೆ ಇವೆಲ್ಲ ಮೂಲದಲ್ಲಿ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದವು. ಅವರ ಪುಸ್ತಕಗಳನ್ನು ಒಂದರ ಹಿಂದೊಂದು ಓದುತ್ತ ಹೋದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಊರು ಬದಲಾಗುತ್ತದೆ, ಹುಲಿ ಬದಲಾಗುತ್ತದೆ, ಜೊತೆಗೆ ಬರುವ ಆಳು ಬದಲಾಗುತ್ತಾನೆ. ಆದರೆ ಮತ್ತೆ ಮತ್ತೆ ಅವರ ಕೈಲಿರುವುದು ಅದೇ 0.405 ವಿಂಚೆಸ್ಟರ್ ರೈಫಲ್.

ಆಂಡರ್ಸನ್ ಹುಟ್ಟಿದ್ದು 1910ರಲ್ಲಿ, ಸಿಕಂದರಾಬಾದಿನ ಬೊಳಾರಂನಲ್ಲಿ. ಸ್ಕಾಟ್ಲೆಂಡ್ ಮೂಲದ ಮನೆತನವಾದರೂ ತಲೆಮಾರುಗಳಿಂದ ಈ ನೆಲದಲ್ಲೇ ಬೇರು ಬಿಟ್ಟಿತ್ತು. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಸೇಂಟ್ ಜೋಸೆಫ್ ಕಾಲೇಜುಗಳಲ್ಲಿ. ಕೋವಿಯ ಹುಚ್ಚು ಹತ್ತಿದ್ದು ತಂದೆಯಿಂದ. ಅಂಚೆ ತಂತಿ ಇಲಾಖೆಯಲ್ಲಿ ಸುಮಾರು 15 ವರ್ಷ ಕೆಲಸ ಮಾಡಿ, ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆ ಸೇರಿದರು. ಅಂದರೆ ಇವರು ಆನೆಯ ಮೇಲೆ ಕೂತು ನೂರಾರು ಜನರಿಂದ ಸೋವು ಹೊಡೆಸುವ ಮಹಾರಾಜರಲ್ಲ. ಸಂಬಳದ ಮನುಷ್ಯ, ರಜ ಹಾಕಿ ಕಾಡಿಗೆ ಹೋಗುತ್ತಿದ್ದವರು. ಕನ್ನಡ, ತಮಿಳು ಎರಡೂ ಬರುತ್ತಿದ್ದುದರಿಂದ ಹಳ್ಳಿಯವರ ಜೊತೆ ನೇರವಾಗಿ ಮಾತಾಡುತ್ತಿದ್ದರು. ಕಾಡಿನ ಪಾಠ ಕಲಿತದ್ದು ಪೂಜಾರಿ ಬೈರನಂಥವರಿಂದ.

ಇನ್ನು ಆ ರೈಫಲ್ ವಿಚಾರ. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ 1895ರ ಮಾದರಿ ಅದು. ಅದಕ್ಕೆ 0.405 ತೋಟಾ ಬಂದದ್ದು 1904ರಲ್ಲಿ. ಗುಂಡಿನ ತೂಕ 300 ಗ್ರೇನ್, ನಮ್ಮ ಲೆಕ್ಕದಲ್ಲಿ 19 ಗ್ರಾಂ ಚಿಲ್ಲರೆ. ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಸಿಂಹಕ್ಕೆ ಇದನ್ನೇ ನೆಚ್ಚಿದ್ದರು. ಕುದುರೆಯ ಕೆಳಗೆ ಬಳೆಯ ಹಾಗೆ ಒಂದು ಲಿವರ್ ಇರುತ್ತದೆ. ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಸಾಕು, ಖಾಲಿ ತೋಟಾ ಹೊರಕ್ಕೆ, ಹೊಸದು ಒಳಕ್ಕೆ. ಕೋವಿಯನ್ನು ಭುಜದಿಂದ ಇಳಿಸಬೇಕಾಗಿಲ್ಲ, ಕಣ್ಣನ್ನು ಗುರಿಯಿಂದ ಕದಲಿಸಬೇಕಾಗಿಲ್ಲ. ದೋಷವೂ ಇತ್ತು. ಈಡು ಹಾರಿದಾಗ ಭುಜಕ್ಕೆ ಬೀಳುವ ಗುದ್ದು ಸಾಮಾನ್ಯವಲ್ಲ. 1940ರ ಹೊತ್ತಿಗೆ ಕಂಪನಿಯೇ ಆ ಮಾದರಿಯನ್ನು ಕೈಬಿಟ್ಟಿತ್ತು. ಆಂಡರ್ಸನ್ ಬಿಡಲಿಲ್ಲ.

ಯಾಕೆ? ಅದಕ್ಕಿಂತ ಒಳ್ಳೆಯ ರೈಫಲ್ ಇರಲಿಲ್ಲವೇ ಅಂದರೆ, ಇದ್ದವು. ಉತ್ತರದ ಕುಮಾವೂನಿನಲ್ಲಿ ಜಿಮ್ ಕಾರ್ಬೆಟ್ ಇದಕ್ಕೆ ತದ್ವಿರುದ್ಧವಾಗಿ 0.275 ರಿಗ್ಬಿ ಎಂಬ ಹಗುರ ರೈಫಲನ್ನು ಹಚ್ಚಿಕೊಂಡಿದ್ದರು. 1907ರಲ್ಲಿ ಚಂಪಾವತದ ಹೆಣ್ಣುಹುಲಿಯನ್ನು ಹೊಡೆದದ್ದಕ್ಕೆ ಅವರಿಗೆ ಸಿಕ್ಕ ಉಡುಗೊರೆ ಅದು. ಅದರ ಗುಂಡು ಆಂಡರ್ಸನ್ ಗುಂಡಿನ ಅರ್ಧ ತೂಕವೂ ಇಲ್ಲ. ಒಬ್ಬರದು ಭಾರ, ಒಬ್ಬರದು ಹಗುರ. ಇಬ್ಬರೂ ತಮ್ಮದನ್ನೇ ನಂಬಿ ನರಭಕ್ಷಕಗಳ ಎದುರು ನಿಂತರು, ಇಬ್ಬರೂ ಬದುಕಿ ಬಂದರು. ಹಾಗಾದರೆ ನಂಬಿಕೆ ಇದ್ದದ್ದು ಕಂಪನಿಯ ಹೆಸರಿನ ಮೇಲಲ್ಲ, ತಮ್ಮ ಕೈ ಪಳಗಿದ್ದರ ಮೇಲೆ. ಕಗ್ಗತ್ತಲಲ್ಲಿ ರೈಫಲಿಗೆ ಕಟ್ಟಿದ ಟಾರ್ಚಿನ ಬೆಳಕು ಚಿರತೆಯ ಕಣ್ಣಿಗೆ ಬಿದ್ದ ಆ ಒಂದು ಕ್ಷಣದಲ್ಲಿ ಲಿವರ್ ಎಲ್ಲಿದೆ ಅಂತ ಹುಡುಕುತ್ತ ಕೂರಲಾಗದು. ಅಮ್ಮನ ಕೈಗೆ ಒಗ್ಗಿದ ಈಳಿಗೆಮಣೆ ಬೇರೆಯವರಿಗೆ ಒಗ್ಗದು, ಹಾಗೆ.

ಇದರ ಹಿಂದೆ ಇನ್ನೂ ದೊಡ್ಡ ಮಾತಿದೆ. ಹುಲಿ ಸುಮ್ಮನೆ ನರಭಕ್ಷಕ ಆಗುವುದಿಲ್ಲ. ಯಾವನೋ ಅರೆಬರೆ ಗುರಿಕಾರ ದವಡೆಗೋ ಕಾಲಿಗೋ ಹೊಡೆದು ಮನೆಗೆ ಹೋಗುತ್ತಾನೆ. ಕಾಡೆಮ್ಮೆ, ಕಡವೆ ಹಿಡಿಯಲಾಗದ ಆ ಪ್ರಾಣಿ ದನಕ್ಕೆ ಬೀಳುತ್ತದೆ, ಕೊನೆಗೆ ಮನುಷ್ಯನಿಗೆ ಬೀಳುತ್ತದೆ. ಆಂಡರ್ಸನ್ ಕತೆಗಳಲ್ಲಿ ಈ ಸಂಗತಿ ಪದೇ ಪದೇ ಬರುತ್ತದೆ. ಜವಳಗೆರೆ, ಗುಮ್ಮಳಾಪುರದಂಥ ಗಡಿಹಳ್ಳಿಗಳಲ್ಲಿ ಸಂಜೆಯಾದರೆ ಬಾಗಿಲು ತೆರೆಯುವವರಿರಲಿಲ್ಲ. ಗುಮ್ಮಳಾಪುರದ ಚಿರತೆಯೊಂದೇ ತಿಂದದ್ದು 42 ಜನರನ್ನು. ಗುರಿ ತಪ್ಪಿದ ಒಂದು ಗುಂಡಿನ ಸಾಲವನ್ನು ಬಂದೂಕನ್ನೇ ಮುಟ್ಟದ ಸೌದೆ ಹೆಂಗಸು, ದನ ಕಾಯುವ ಹುಡುಗ ತೀರಿಸಬೇಕಾಗಿತ್ತು. ಆದ್ದರಿಂದ ತಾನು ಚೆನ್ನಾಗಿ ಬಲ್ಲ ಕೋವಿಯನ್ನೇ ಹಿಡಿಯುವುದು ಶೋಕಿಯಲ್ಲ, ಹೊಣೆ. ನವರಾತ್ರಿಯಲ್ಲಿ ಆಯುಧಕ್ಕೆ ಹೂವಿಡುವ ನಮಗೆ, ಕೈಲ್‌ಪೊಳ್ದಿನಲ್ಲಿ ಕೋವಿಗೆ ಪೂಜೆ ಮಾಡುವ ಕೊಡವರಿಗೆ ಇದು ಅರ್ಥವಾಗದ ವಿಷಯವೇನಲ್ಲ.

ವಯಸ್ಸಾದಂತೆ ಆಂಡರ್ಸನ್ ಬರಹದಲ್ಲಿ ಬೇಟೆಯ ಉತ್ಸಾಹ ತಗ್ಗಿ, ಕಾಡು ಬರಿದಾಗುತ್ತಿದೆಯಲ್ಲ ಎಂಬ ಸಂಕಟ ಹೆಚ್ಚಿತು. ಮೊದಲ ಪುಸ್ತಕ 1954ರಲ್ಲಿ ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಹುಲಿ ಬೇಟೆಯ ಕಾಲ ಮುಗಿಯಿತು. 1974ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಕೊನೆಯ ಪುಸ್ತಕ ಬಂದದ್ದು ಆಮೇಲೆ, 1976ರಲ್ಲಿ.

ಆಂಡರ್ಸನ್ ಹುಟ್ಟಿದ 1910ರಲ್ಲೇ, ಹಿಂದೆ ಬೇಟೆಯ ಮೀಸಲಾಗಿದ್ದ ನಮ್ಮ ಗಿಂಡಿಯ ಕಾಡನ್ನೂ ರಕ್ಷಿತ ಅರಣ್ಯ ಮಾಡಿದರು. 1978ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಇವತ್ತು ಅಲ್ಲಿ ಕೃಷ್ಣಮೃಗಗಳು ಮೇಯುತ್ತವೆ. ಕೋವಿಯನ್ನು ಅಷ್ಟು ಬಲ್ಲ ಮನುಷ್ಯ ಕೊನೆಗೆ ಬಯಸಿದ್ದೂ ಇಂಥದ್ದನ್ನೇ. ರಜಕ್ಕೆ ಊರಿಗೆ ಹೋದವರು ತೇಜಸ್ವಿಯವರ ಆ ನಾಲ್ಕು ಭಾಗಗಳನ್ನು ಮತ್ತೊಮ್ಮೆ ತೆಗೆದು ಓದಿ.