ಪಂಡಿತ ಪಂಚಾಕ್ಷರಿ ಗವಾಯಿಗಳು: ಅಂಧರಿಗೆ ಬದುಕು ಕಲಿಸಿದ ಗುರು

ವಿದ್ಯೆಯು ಮನುಷ್ಯನ ಮೂರನೆಯ ಕಣ್ಣೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಹುಟ್ಟಿನಿಂದ ಎರಡು ಕಣ್ಣುಗಳನ್ನೂ ಕಾಣದ ಮಗುವಿಗೆ ಆ ಮೂರನೆಯ ಕಣ್ಣನ್ನು ತೆರೆಯಿಸುವವರು ಯಾರು? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ಹಳ್ಳಿಗಳಲ್ಲಿ ಈ ಪ್ರಶ್ನೆಯನ್ನು ಕೇಳುವವರೇ ವಿರಳರಾಗಿದ್ದರು. ಕುರುಡು ಮಗುವೆಂದರೆ ಹೆತ್ತವರಿಗೆ ತೀರದ ಚಿಂತೆ; ಊರವರಿಗೆ ಕನಿಕರದ ವಸ್ತು. ಹೆತ್ತವರ ಕಾಲಾನಂತರ ಅದಕ್ಕೆ ಉಳಿಯುತ್ತಿದ್ದುದು ಬಹುಮಟ್ಟಿಗೆ ಭಿಕ್ಷಾಪಾತ್ರೆಯೊಂದೇ. ಆ ಪಾತ್ರೆಯನ್ನು ಇಳಿಸಿ, ಅದೇ ಕೈಗೆ ತಂಬೂರಿಯನ್ನೂ ತಬಲಾವನ್ನೂ ಕೊಟ್ಟ ಮಹನೀಯರು ಗಾನಯೋಗಿ ಪಂಡಿತ ಪಂಚಾಕ್ಷರಿ ಗವಾಯಿಗಳು. ಅವರು ಸ್ವತಃ ಅಂಧರಾಗಿದ್ದರೆಂಬುದೇ ಈ ಚರಿತ್ರೆಯ ವಿಶೇಷ.

ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ ಹಾಗೂ ನೀಲಮ್ಮ ದಂಪತಿಗಳ ಮಗನಾಗಿ ಜನಿಸಿದರು. ಅವರ ಬಾಲ್ಯದ ಹೆಸರು ಗದಿಗೆಯ್ಯ. ಅವರ ಸೋದರ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು, ಬಡತನ ಬೇರೆ. ಆದರೆ ಆ ಮಕ್ಕಳ ಕಂಠದಲ್ಲಿ ಮಾಧುರ್ಯವಿತ್ತು, ಒಮ್ಮೆ ಕೇಳಿದ್ದನ್ನು ಹಿಡಿದಿಡುವ ಸ್ಮರಣಶಕ್ತಿಯಿತ್ತು. ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳವರ ದೃಷ್ಟಿ ಈ ಸೋದರರ ಮೇಲೆ ಬಿದ್ದುದು ನಾಡಿನ ಪುಣ್ಯವೆನ್ನಬೇಕು. 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಈ ಪೂಜ್ಯರು ಅಂಧ ಬಾಲಕರನ್ನು ಕನಿಕರಿಸಿ ಕೈಗೊಂದಿಷ್ಟು ಕಾಸಿತ್ತು ಕಳುಹಿಸಲಿಲ್ಲ. ಅವರ ಶಿಕ್ಷಣದ ಹೊಣೆಯನ್ನೇ ಹೊತ್ತರು. ಬಾಲಕನಲ್ಲಿ ಇಲ್ಲದ್ದನ್ನು ಎಣಿಸದೆ ಇದ್ದುದನ್ನು ಗುರುತಿಸಿದ ಆ ದೃಷ್ಟಿಯೇ ಮುಂದಿನ ಎಲ್ಲ ಕಾರ್ಯಕ್ಕೂ ಬೀಜವಾಯಿತು.

ಕುಮಾರಸ್ವಾಮಿಗಳವರ ಆಶ್ರಯದಲ್ಲಿ ಗದಿಗೆಯ್ಯನವರು ಮೊದಲು ಕರ್ನಾಟಕ ಸಂಗೀತವನ್ನು ಅಭ್ಯಸಿಸಿದರು. ಬಳಿಕ ಹಿಂದುಸ್ತಾನಿ ಪದ್ಧತಿಯನ್ನು ನೀಲಕಂಠ ಬುವಾ ಅವರಲ್ಲಿ ಕಲಿತರು. ಮಲ್ಲಿಕಾರ್ಜುನ ಮನಸೂರರಿಗೂ ಗುರುಗಳಾಗಿದ್ದವರು ಇದೇ ನೀಲಕಂಠ ಬುವಾ ಅವರು. ಎರಡು ಪದ್ಧತಿಗಳನ್ನೂ ಅರಗಿಸಿಕೊಂಡ ವಿದ್ವಾಂಸರು ಅಂದು ಬೆರಳೆಣಿಕೆಯಷ್ಟು. ಅಂತೆಯೇ ಪಂಚಾಕ್ಷರಿ ಗವಾಯಿಗಳೆಂದು ಹೆಸರಾದ ಇವರನ್ನು ನಾಡು ಉಭಯ ಗಾನ ವಿಶಾರದರೆಂದು ಗೌರವಿಸಿತು. ಇಷ್ಟು ವಿದ್ಯೆಯುಳ್ಳವರು ರಾಜಾಶ್ರಯವನ್ನೋ ಶ್ರೀಮಂತರ ಪೋಷಣೆಯನ್ನೋ ಅರಸಿ ಸುಖವಾಗಿರಬಹುದಾಗಿತ್ತು. ಗವಾಯಿಗಳು ಬ್ರಹ್ಮಚಾರಿಗಳಾಗಿ ಉಳಿದು, ತಮಗೆ ದೊರೆತುದನ್ನು ತಮ್ಮಂಥವರಿಗೇ ಹಂಚುವ ಹಾದಿಯನ್ನು ಹಿಡಿದರು.

ಆಗಿನ ಪರಿಸ್ಥಿತಿಯನ್ನು ನಾವು ನೆನೆಯಬೇಕು. ಭಾರತದಲ್ಲಿ ಅಂಧರ ಮೊದಲ ಶಾಲೆ ಅಮೃತಸರದಲ್ಲಿ ತೆರೆದುದು 1887ರಲ್ಲಿ. ಬೆರಳಿನಿಂದ ಓದುವ ಬ್ರೈಲ್ ಲಿಪಿಗೆ ಭಾರತೀಯ ಭಾಷೆಗಳೆಲ್ಲಕ್ಕೂ ಸಲ್ಲುವ ಒಂದು ಸಮಾನ ರೂಪ ಒದಗಿದ್ದು 1951ರಲ್ಲಿ, ಗವಾಯಿಗಳು ಲಿಂಗೈಕ್ಯರಾಗಿ ಏಳು ವರುಷಗಳಾದ ಮೇಲೆ. ಹಾಗಾದರೆ ಪುಸ್ತಕವಿಲ್ಲದೆ, ಲಿಪಿಯಿಲ್ಲದೆ ಅಂಧ ಬಾಲಕನಿಗೆ ಯಾವ ವಿದ್ಯೆಯನ್ನು ಪೂರ್ಣವಾಗಿ ಕಲಿಸಲು ಸಾಧ್ಯ? ಗವಾಯಿಗಳ ಜೀವನವೇ ಇದಕ್ಕೆ ಉತ್ತರವಾಯಿತು. ನಮ್ಮ ಸಂಗೀತವು ಗುರುಮುಖದಿಂದ ಶಿಷ್ಯನ ಕಿವಿಗೆ ಇಳಿಯುವ ವಿದ್ಯೆ. ಕಣ್ಣುಳ್ಳವನೂ ಅದನ್ನು ಕೇಳಿಯೇ ಕಲಿಯಬೇಕು. ಇಲ್ಲಿ ಅಂಧನು ಹಿಂದೆ ಬೀಳಲು ಕಾರಣವೇ ಇಲ್ಲ.

ಈ ಶಿಕ್ಷಣದ ಕ್ರಮವನ್ನು ಶಿಕ್ಷಕರಾದವರು ಗಮನಿಸುವುದು ಲೇಸು. ತಬಲಾದ ಪ್ರತಿಯೊಂದು ಪೆಟ್ಟಿಗೂ ಬಾಯಿಂದ ಹೇಳುವ ಒಂದು ಬೋಲ್ ಉಂಟು. ಶಿಷ್ಯನು ಮೊದಲು ನಾಲಗೆಯಿಂದ ಅದನ್ನು ನುಡಿಯುತ್ತಾನೆ. ಕೈಯಿಂದ ತಾಳವನ್ನು ಎಣಿಸುತ್ತಾನೆ. ಅನಂತರ ಬೆರಳನ್ನು ಚರ್ಮದ ಮೇಲೆ ಸರಿಯಾದ ಸ್ಥಾನದಲ್ಲಿ ಇಡಲು ಕಲಿಯುತ್ತಾನೆ. ಹಾರ್ಮೋನಿಯಂನ ಕಪ್ಪು ಮನೆಗಳು ಎರಡು ಮತ್ತು ಮೂರರ ಗುಂಪುಗಳಾಗಿ ಬಿಳಿಯ ಮನೆಗಳಿಗಿಂತ ಎತ್ತರದಲ್ಲಿರುವುದರಿಂದ ಸ್ಪರ್ಶಮಾತ್ರದಿಂದ ಸ್ವರಸ್ಥಾನ ತಿಳಿಯುತ್ತದೆ. ತಂಬೂರಿಯ ಶ್ರುತಿಯನ್ನು ಸೇರಿಸುವುದಂತೂ ಕೇವಲ ಕಿವಿಯ ಕೆಲಸ. ಹೀಗೆ ಒಂದೊಂದು ಹೆಜ್ಜೆಯನ್ನೂ ಚಿಕ್ಕದಾಗಿ ಮಾಡಿ, ಒಂದು ದೃಢವಾದ ಮೇಲೆಯೇ ಇನ್ನೊಂದಕ್ಕೆ ಸಾಗುವ ಈ ಕ್ರಮವು ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣದಲ್ಲಿ ಇಂದಿಗೂ ಮಾನ್ಯವಾದ ಕ್ರಮವೇ ಆಗಿದೆ.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಸಂಗೀತಕ್ಕೆ ಸಮಾಜದಲ್ಲಿ ಬೆಲೆಯಿತ್ತು. ಜಾತ್ರೆ, ಉತ್ಸವ, ಪುರಾಣ, ಕೀರ್ತನೆ, ನಾಟಕ, ಈ ಎಲ್ಲಕ್ಕೂ ಹಾಡುವವರು ಬೇಕು, ನುಡಿಸುವವರು ಬೇಕು. ಎಲ್ಲರೂ ದೊಡ್ಡ ಗಾಯಕರಾಗಲಾರರು. ಆದರೆ ಕಂಠ ಸಾಲದವನಿಗೆ ತಬಲಾ ಇದೆ, ಹಾರ್ಮೋನಿಯಂ ಇದೆ, ಪಿಟೀಲು ಇದೆ. ಯಾವುದೋ ಒಂದರಲ್ಲಿ ಕೈ ಪಳಗಿದರೆ ಅದೇ ಅವನ ಕಾಯಕ, ಅದೇ ಅವನ ಅನ್ನ. ಅನ್ನವನ್ನು ನೀಡುವವನು ಒಂದು ಹೊತ್ತಿನ ಹಸಿವನ್ನು ನೀಗಿಸುತ್ತಾನೆ. ಅನ್ನ ಗಳಿಸುವ ವಿದ್ಯೆಯನ್ನು ನೀಡುವವನು ತಲೆಯೆತ್ತಿ ಬಾಳುವ ಬಲವನ್ನು ಕೊಡುತ್ತಾನೆ. ಗವಾಯಿಗಳ ಇಡೀ ಬಾಳು ಈ ಒಂದು ಮಾತಿನ ವ್ಯಾಖ್ಯಾನವಾಗಿತ್ತು.

ಅವರ ಪಾಠಶಾಲೆಗೆ ಬಹುಕಾಲ ಸ್ವಂತ ಕಟ್ಟಡವಿರಲಿಲ್ಲ. ಗುರುಶಿಷ್ಯರ ಆ ಬಳಗ ಊರಿಂದೂರಿಗೆ ಸಂಚರಿಸುತ್ತ, ಭಕ್ತರು ಇತ್ತ ಜೋಳ ಬೇಳೆಗಳಿಂದ ಒಲೆ ಹೊತ್ತಿಸುತ್ತ, ಇಳಿದ ಠಾವಿನಲ್ಲಿಯೇ ಪಾಠ ನಡೆಸುತ್ತಿತ್ತು. ಇಲ್ಲೊಂದು ಮನ ಕಲಕುವ ಸಂಗತಿಯನ್ನು ಕಾಣುತ್ತೇವೆ. ತನ್ನ ಶಿಷ್ಯರು ಮುಂದೆಂದೂ ಬೇಡಬಾರದೆಂದು ಹಂಬಲಿಸಿದ ಗುರುವು ಅವರಿಗಾಗಿ ತಾನೇ ಸಮಾಜದ ಮುಂದೆ ಜೋಳಿಗೆ ಹಿಡಿಯಬೇಕಾಯಿತು. ಆಶ್ರಮದ ನಿರ್ವಹಣೆಗಾಗಿ ನಾಟಕ ಮಂಡಳಿಯನ್ನೂ ಅವರು ಕಟ್ಟಿದರು. ಶಿಷ್ಯರ ಗಾಯನ ವಾದನಗಳಿಗೆ ರಂಗಭೂಮಿಯೇ ಪ್ರಯೋಗಶಾಲೆಯಾಯಿತು. ಸಭೆಯನ್ನು ಎದುರಿಸುವ ಧೈರ್ಯ, ಹತ್ತು ಜನರೊಡನೆ ಹೊಂದಿ ನಡೆವ ಶಿಸ್ತು, ಹೊಸ ಊರಿನಲ್ಲಿ ಅಂಜದೆ ಬಾಳುವ ರೂಢಿ, ಇವೆಲ್ಲ ಇಂಥ ಸಂಚಾರಜೀವನದಲ್ಲಿ ತಾವಾಗಿ ಬರುವ ಗುಣಗಳು. ಇಂದು ನಾವು ಜೀವನಕೌಶಲ್ಯಗಳೆಂದು ಕರೆಯುವುದು ಇವುಗಳನ್ನೇ ಅಲ್ಲವೆ?

ಅವರಲ್ಲಿ ಜಾತಿಮತಗಳ ಭೇದವಿರಲಿಲ್ಲ. ಕಣ್ಣುಳ್ಳವರು ಕಣ್ಣಿಲ್ಲದವರೆಂಬ ಭೇದವೂ ಇರಲಿಲ್ಲ. ಎರಡು ಬಗೆಯ ಮಕ್ಕಳೂ ಒಂದೇ ಗುರುವಿನೆದುರು ಕುಳಿತು ಕಲಿತರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮೊದಲಾದ ಹೆಸರಾಂತ ಕಲಾವಿದರು ಈ ಗುರುವಿನ ಶಿಷ್ಯರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವ ಜರುಗಿದಾಗ ತರುಣ ರಾಜಗುರು ಅವರು ಮಹಾಸಭೆಯೆದುರು ಹಾಡಿದರು. ಅಂದು ಅವರಿಗೆ ತಬಲಾ ಸಾಥ್ ನೀಡಿದವರು ಸ್ವತಃ ಗುರುಗಳಾದ ಪಂಚಾಕ್ಷರಿ ಗವಾಯಿಗಳು. ಶಿಷ್ಯನನ್ನು ಮುಂದೆ ನಿಲ್ಲಿಸಿ ತಾನು ಪಕ್ಕಕ್ಕೆ ಸರಿದು ತಾಳವನ್ನು ಕಾಯ್ದುಕೊಟ್ಟ ಆ ಗುರುವಿನಲ್ಲಿ ಶಿಕ್ಷಕಧರ್ಮದ ಸಾರವೆಲ್ಲ ಅಡಗಿದೆ.

ಕೊನೆಗೆ 1940ರ ದಶಕದ ಆರಂಭದಲ್ಲಿ ಉದಾರಿಗಳಾದ ಬಸರಿಗಿಡದ ವೀರಪ್ಪನವರು ನೀಡಿದ ಸ್ಥಳದಲ್ಲಿ ವೀರೇಶ್ವರ ಪುಣ್ಯಾಶ್ರಮವು ಗದುಗಿನಲ್ಲಿ ನೆಲೆಗೊಂಡಿತು. ಅಲೆದಾಟ ಮುಗಿದು ವಿಶ್ರಾಂತಿ ಬಂದೀತೆನ್ನುವಷ್ಟರಲ್ಲಿ, 1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದರು. ಆಗ ಅವರ ವಯಸ್ಸು ಐವತ್ತೆರಡು.

ಗುರುವಿನ ಯೋಗ್ಯತೆಗೆ ನಿಜವಾದ ಪರೀಕ್ಷೆ ಗುರುವಿಲ್ಲದ ದಿನಗಳಲ್ಲಿಯೇ ಆಗುತ್ತದೆ. ಪುಣ್ಯಾಶ್ರಮದ ಭಾರವನ್ನು ಹೊತ್ತವರು ಅವರ ಅಂಧ ಶಿಷ್ಯರೇ ಆದ ಪುಟ್ಟರಾಜ ಗವಾಯಿಗಳು. 1914ರಲ್ಲಿ ದೇವಗಿರಿಯಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಆ ಬಾಲಕನು ಗುರುಕೃಪೆಯಿಂದ ಅನೇಕ ವಾದ್ಯಗಳಲ್ಲಿ ಪಾರಂಗತನಾಗಿ, ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥರಚನೆ ಮಾಡಿದುದು ನಾಡಿಗೆಲ್ಲ ತಿಳಿದ ವಿಷಯ. 2010ರಲ್ಲಿ ಪದ್ಮಭೂಷಣ ಗೌರವವು ಅವರನ್ನು ಅರಸಿ ಬಂದಿತು. ಅದೇ ವರುಷದ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ ಆರು ದಶಕಗಳಿಗೂ ಮಿಕ್ಕಿ ಅವರು ಗುರುವಿನ ಕಾರ್ಯವನ್ನು ನಡೆಸಿದರು. ಅಂಧನೊಬ್ಬನು ಕಲಿತು, ಅಂಧನೊಬ್ಬನಿಗೆ ಕಲಿಸಿ, ಅವನು ಮತ್ತೆ ಸಾವಿರಾರು ಜನರಿಗೆ ಕಲಿಸಿದ ಈ ಪರಂಪರೆ ಅಪೂರ್ವವಾದುದು.

ಇಂದು ಕಾಲ ಬದಲಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಇಂಥ ಮಕ್ಕಳ ಶಿಕ್ಷಣವನ್ನು ದಯೆಯ ವಿಷಯವಾಗಿ ನೋಡದೆ ಹಕ್ಕಾಗಿ ಕಂಡಿದೆ. ಕಾನೂನು ಶಾಲೆಯ ಬಾಗಿಲನ್ನು ತೆರೆಯಬಲ್ಲದು. ಒಳಗೆ ಬಂದ ಮಗುವಿನಲ್ಲಿ ಏನಿದೆಯೆಂದು ಹುಡುಕಬೇಕಾದವರು ಮಾತ್ರ ಶಿಕ್ಷಕರೇ. ಪ್ರೌಢಶಾಲೆಯನ್ನು ದಾಟುವ ಹೊತ್ತಿಗೆ ಆ ಮಗು ತನ್ನ ಕೈಯಿಂದ ಏನನ್ನು ಮಾಡಬಲ್ಲದು, ಯಾರ ಹಂಗಿಲ್ಲದೆ ಹೇಗೆ ಬಾಳಬಲ್ಲದು ಎಂಬುದನ್ನು ನಾವು ಯೋಚಿಸಿದ್ದೇವೆಯೆ? ಅಂಕಪಟ್ಟಿಯೊಂದನ್ನೇ ಕೊಟ್ಟು ಕಳುಹಿಸಿದರೆ ನಮ್ಮ ಹೊಣೆ ತೀರುವುದಿಲ್ಲ. ವಿದ್ಯಾರ್ಥಿಮಿತ್ರರೂ ತಮ್ಮ ನಡುವಿನ ಇಂಥ ಸಹಪಾಠಿಯನ್ನು ಕನಿಕರದಿಂದ ಕಾಣದೆ ಸಮಾನನೆಂದು ಬಗೆದು ಜೊತೆಗೆ ಕೂರಿಸಿಕೊಳ್ಳಲಿ. ಗವಾಯಿಗಳ ಪುಣ್ಯಸ್ಮರಣೆಗೆ ಇದಕ್ಕಿಂತ ಮಿಗಿಲಾದ ಕಾಣಿಕೆ ಬೇರೊಂದಿಲ್ಲ.